ಹನ್ನೊಂದು ನಿಮಿಷದ ತಂಗಳು ದನಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಧಾರವಾಡದ ಪ್ರಯೋಗಾಲಯದ್ದಲ್ಲ, ಬ್ಯಾಟರಿಯದ್ದಲ್ಲ, ನಲವತ್ತೈದು ವರ್ಷ ಟ್ರಂಕಿನಲ್ಲಿ ಬಿದ್ದಿದ್ದ ಆ ಟ್ರಾನ್ಸಿಸ್ಟರಿನದ್ದಂತೂ ಅಲ್ಲವೇ ಅಲ್ಲ. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಮೂವತ್ತೆಂಟು ವರ್ಷದಿಂದ ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡು, ತನ್ನಂಥ ಹುಷಾರು ಮನುಷ್ಯ ಈ ಊರಲ್ಲೇ ಇಲ್ಲ ಎಂದು ಬೀಗುತ್ತಿದ್ದ ಮೌನೇಶ ಬಡಿಗೇರನದು, ಅಂದರೆ ನನ್ನದು.

ತಂಗಳು ದನಿ ಎಂದರೇನು ಎಂಬುದು ಈಗ ಸಣ್ಣ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದವರಿಗೆ ಎರಡು ಮಾತು. ಹಳೇ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರುಗಳಿವೆಯಲ್ಲ, ಬಟಾಣಿ ಗಾತ್ರದ, ತಗಡಿನ ಟೊಪ್ಪಿಗೆ ಹಾಕಿದ, ಮೂರು ಕಾಲಿನವು, ಅವುಗಳೊಳಗಿನ ಹರಳು ಈಗಿನವುಗಳಷ್ಟು ಶುದ್ಧವಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಕುಳಿಗಳಿರುತ್ತವೆ. ಕರೆಂಟು ಹರಿಯುವಾಗ ಒಂದಿಷ್ಟು ಎಲೆಕ್ಟ್ರಾನುಗಳು ಆ ಕುಳಿಗಳಲ್ಲಿ ಸಿಕ್ಕಿಬೀಳುತ್ತವೆ. ಅದೇ ಸರ್ಕ್ಯೂಟು, ಅದೇ ವೋಲ್ಟೇಜು ಮತ್ತೆ ಸಿಕ್ಕರೆ ಅವು ಸಿಕ್ಕಿಬಿದ್ದ ಕ್ರಮದಲ್ಲೇ ಎದ್ದು ಹೊರಗೆ ಬರುತ್ತವೆ ಎಂದು ಆರು ವರ್ಷದ ಹಿಂದೆ ಪತ್ತೆಯಾಯಿತು. ಅಂದರೆ ಆ ಟ್ರಾನ್ಸಿಸ್ಟರು ಕೊನೆಯದಾಗಿ ಏನು ಕೇಳಿತ್ತೋ ಅದನ್ನು ವಾಪಸು ಹೇಳುತ್ತದೆ. ಒಮ್ಮೆ ಮಾತ್ರ. ಆಮೇಲೆ ಕುಳಿಗಳು ಖಾಲಿ. ವಿಜ್ಞಾನಿಗಳು ಇದಕ್ಕೆ ಶೇಷನಾದ ಎಂದು ಹೆಸರಿಟ್ಟರು. ನಮ್ಮ ಪೇಟೆಯ ಮಂದಿ ತಂಗಳು ದನಿ ಅಂದರು, ಅದೇ ನಿಂತಿತು.

ಆಗ ನೋಡಬೇಕಿತ್ತು ಜನರ ಹುಚ್ಚು! ಸತ್ತ ಅಪ್ಪನ ರೇಡಿಯೋ ಬಗಲಲ್ಲಿಟ್ಟುಕೊಂಡು ನನ್ನ ಅಂಗಡಿಯ ಮುಂದೆ ಸಾಲು ನಿಂತರು. ರೇಡಿಯೋ ಕೇಳಿದ್ದು ನಿಮ್ಮಪ್ಪನ ದನಿಯನ್ನಲ್ಲ, ಆಕಾಶವಾಣಿಯನ್ನು ಎಂದು ಬಡಕೊಂಡರೂ ಯಾರೂ ಒಪ್ಪಲಿಲ್ಲ. ತಂಗಳು ತೆಗೆಸಿ, ಹತ್ತಿ ಧಾರಣೆ ಕೇಳಿ, ಕಣ್ಣೊರೆಸಿಕೊಂಡು ಹೋದರು. ಅಣ್ಣಿಗೇರಿಯ ಒಬ್ಬಾತ ಮಾತ್ರ ಅಳಲಿಲ್ಲ. ಅವನ ಅಪ್ಪ ದಿನಾ ಧಾರಣೆ ಕೇಳಿಯೇ ಊಟಕ್ಕೆ ಏಳುತ್ತಿದ್ದನಂತೆ. ಇವನೂ ಪೂರ್ತಿ ಕೇಳಿ, ಡಬ್ಬಿಗೆ ಕೈ ಮುಗಿದು, ಮನೆಗೆ ಊಟಕ್ಕೆ ಹೋದ.

ಮನುಷ್ಯರ ದನಿ ಉಳಿಯುವುದು ಮನುಷ್ಯರು ನೇರವಾಗಿ ಮಾತಾಡಿದ, ಬಾರಿಸಿದ ಯಂತ್ರಗಳಲ್ಲಿ. ಅಂಥವು ಅಪರೂಪ. ಅಂಥದ್ದೊಂದು ಕಳೆದ ಶ್ರಾವಣದಲ್ಲಿ ನನ್ನ ಮೇಜಿಗೆ ಬಂತು.

ತಂದವರು ಎಪ್ಪತ್ತು ದಾಟಿದ ಹೆಂಗಸು, ನೀಲಿ ಅಂಚಿನ ಬಿಳಿ ಸೀರೆ, ಕೊರಳಲ್ಲಿ ಸಣ್ಣ ಶಿಲುಬೆ. ಅಂಗಡಿಯ ಬೋರ್ಡನ್ನು ಮೇಲಿಂದ ಕೆಳಗೆ ಓದಿ ಒಳಗೆ ಬಂದರು.

"ಬಡಿಗೇರ ಅಂದ್ರ ನೀವೇ ಏನ್ರಿ?"

"ಬೋರ್ಡಿನ ಮ್ಯಾಲೆ ಬರದೈತಲ್ರಿ ಬಾಯಾರ."

"ಬೋರ್ಡಿನ ಮ್ಯಾಲೆ ಗ್ಯಾರಂಟಿ ಅಂತನೂ ಬರದೈತಿ. ಅದಕ್ಕ ಕೇಳಿದೆ."

ಹೆಸರು ಸುನೀತಿ ಹಂಚಿನಮನಿ. ಕೇಶ್ವಾಪುರದವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರು. ಅದಕ್ಕೂ ಮುಂಚೆ, ಮದುವೆಯಾದ ಹೊಸದರಲ್ಲಿ, ಗಂಡನ ಜೊತೆ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದವರು. ಗಂಡ ಸತ್ಯಮಿತ್ರ ಆ ಆರ್ಕೆಸ್ಟ್ರಾದ ಗಿಟಾರಿಸ್ಟ್. ಅಂಗಿಯೊಂದರಲ್ಲಿ ಸುತ್ತಿ ತಂದಿದ್ದ ನಜ್ಜುಗುಜ್ಜಾದ ತಗಡಿನ ಡಬ್ಬಿಯನ್ನು ನನ್ನ ಮುಂದಿಟ್ಟರು. ನೋಡಿದೊಡನೆ ಗೊತ್ತಾಯಿತು, ಗಿಟಾರಿನ ಬೂಸ್ಟರ್. ಗಿಟಾರಿನ ತಂತಿಯಿಂದ ಹೊರಡುವ ಸಿಗ್ನಲ್ ಬಡಕಲು. ಆಂಪ್ಲಿಫೈಯರಿಗೆ ಹೋಗುವ ದಾರಿಯಲ್ಲಿ ಅದಕ್ಕೊಂದಿಷ್ಟು ಕಸುವು ತುಂಬುವ ಡಬ್ಬಿ ಇದು. ಕಾಲ ಬಳಿ ಇಟ್ಟುಕೊಂಡು ತುಳಿದರೆ ದನಿ ಎದ್ದು ನಿಲ್ಲುತ್ತದೆ. ಸತ್ಯಮಿತ್ರ ಯಾವುದೋ ಪತ್ರಿಕೆಯ ನಕ್ಷೆ ನೋಡಿ ತಾನೇ ಕಟ್ಟಿದ್ದನಂತೆ.

"ಎಂಬತ್ಮೂರರಾಗ ನಾ ಬಾಣಂತನಕ್ಕ ಬೆಟಗೇರಿಗೆ, ತವರಿಗೆ ಹೋಗಿದ್ದೆ," ಎಂದರು ಸುನೀತಿಬಾಯಿ. "ಮಗಳು ಹುಟ್ಟಿ ಹದಿನೆಂಟು ದಿನ. ಅಂವ ಕಾಗದ ಬರದಿದ್ದ, ನಿನಗಂತ ಒಂದು ಹಾಡು ಕಟ್ಟೀನಿ, ದಿನಾ ಮುಂಜಾನೆ ಅದನ್ನ ಬಾರಿಸ್ತೀನಿ, ಬಂದಮ್ಯಾಲೆ ಕೇಳಸ್ತೀನಿ ಅಂತ. ಕಾಗದ ಮುಟ್ಟೂದ್ರಾಗ ಅಂವ ಇರಲಿಲ್ಲ. ಕಾರ್ಯಕ್ರಮಕ್ಕ ಹೊಂಟ ವ್ಯಾನು ನವಲಗುಂದದ ಹತ್ರ ಉರುಳಿತು."

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ.

"ಅವನ ದನಿ ಬ್ಯಾಡ್ರಿ ನನಗ. ದನಿ ನೆನಪೈತಿ. ಆ ಹಾಡು ಗೊತ್ತಿಲ್ಲ. ನನಗಂತ ಕಟ್ಟಿದ್ದು ನನಗ ಗೊತ್ತಿಲ್ಲ ಅಂದ್ರ, ಎಂಥಾ ಹಣೇಬರಹ ನೋಡ್ರಿ."

ಕಾರ್ಯಕ್ರಮಕ್ಕೆ ಹೋಗುವ ದಾರಿಯಲ್ಲಿ ಸತ್ತಿದ್ದರಿಂದ, ಆ ಡಬ್ಬಿ ಕೊನೆಯದಾಗಿ ಕೇಳಿದ್ದು ಆ ಮುಂಜಾನೆ ಅವನು ಮನೆಯಲ್ಲಿ ಬಾರಿಸಿದ್ದನ್ನೇ ಇರಬೇಕು. ಆಕೆ ಅಷ್ಟೂ ಲೆಕ್ಕ ಹಾಕಿಕೊಂಡೇ ಬಂದಿದ್ದರು.

ಡಬ್ಬಿಯೊಳಗಿಂದ ಟ್ರಾನ್ಸಿಸ್ಟರನ್ನು ಹುಷಾರಾಗಿ ಬಿಡಿಸಿ, ಹತ್ತಿಯಲ್ಲಿಟ್ಟು, ಇಬ್ಬರೂ ಧಾರವಾಡದ ಬಸ್ಸು ಹತ್ತಿದೆವು. ಅಲ್ಲಿನ ಪ್ರಯೋಗಾಲಯದ ಡಾಕ್ಟರ್ ನಾಜ್ನೀನ್ ಸವಣೂರ ನನಗೆ ಹಳೇ ಪರಿಚಯ. ಅವರ ಆಸಿಲೋಸ್ಕೋಪು ಕೆಟ್ಟರೆ ಬೆಂಗಳೂರಿಗೆ ಕಳಿಸದೆ ನನ್ನನ್ನೇ ಕರೆಯುವ ಜಾಣೆ. ಟ್ರಾನ್ಸಿಸ್ಟರನ್ನು ಮಂಜುಗಡ್ಡೆಗಿಂತ ತಣ್ಣಗಿನ, ಹೊಗೆಯಾಡುವ ಫ್ಲಾಸ್ಕಿನೊಳಗೆ ಇಳಿಸಿ, ಸೊಳ್ಳೆ ಕಡಿದಷ್ಟೂ ತಿಳಿಯದ ಸಿಗ್ನಲ್ ಕೊಟ್ಟು ಎರಡು ತಾಸು ಅಳೆದರು.

"ಎಷ್ಟು ತುಂಬೇದ ಅನ್ನೂದು ಗೊತ್ತಾಗ್ತದ, ಏನು ತುಂಬೇದ ಅನ್ನೂದು ಗೊತ್ತಾಗೂದಿಲ್ಲ," ಅಂದರು ಡಾಕ್ಟರ್. "ಹನ್ನೊಂದು ನಿಮಿಷ ಅದ."

"ಹನ್ನೊಂದು ನಿಮಿಷ," ಎಂದು ಸುನೀತಿಬಾಯಿ ಕುರ್ಚಿಯಲ್ಲಿ ಕುಳಿತರು. "ಎರಡು ಹಾಡು ಹಿಡಿತಾವ್ರಿ."

"ಒಂದು ಮಾತು," ಎಂದರು ಡಾಕ್ಟರ್. "ಹಳೇ ಡಬ್ಬಿ ಹೆಂಗಿತ್ತೋ ಹಂಗ ಹೊಸಾದು ಕಟ್ಟಬೇಕು. ಇದಕ್ಕ ಅದರ ಮನಿ ಗುರ್ತು ಹತ್ತಿದ್ರ ಮಾತ್ರ ಬಾಯಿ ಬಿಡ್ತದ. ಶುರುವಾದ ಮ್ಯಾಲೆ ನಡುವ ಬಂದ್ ಮಾಡಬ್ಯಾಡ್ರಿ, ಉಳಿದದ್ದೆಲ್ಲಾ ಕಲಸಿ ಹೋಗ್ತದ. ಕೂಡಿಸಿ ಒಂದು ದಿನ ಬಿಡ್ರಿ, ಮನಿ ಹವಾಕ್ಕ ಒಗ್ಗಲಿ. ರೆಕಾರ್ಡರ್ ನಾ ತರ್ತೀನಿ."

ಆ ಡಬ್ಬಿ ಕಟ್ಟಲು ನನಗೆ ಮೂರು ವಾರ ಹಿಡಿಯಿತು. ಇದ್ದದ್ದೇ ಹತ್ತು ಸಾಮಾನು. ಆದರೆ ಈಗಿನ ರೆಸಿಸ್ಟರು ಹಾಕಿದರೆ ನಡೆಯುವುದಿಲ್ಲ, ಹಳೇ ಕಾರ್ಬನ್ನಿನವೇ ಬೇಕು. ಅವೂ ವಯಸ್ಸಾಗಿ ಬರೆದ ಅಳತೆ ಬಿಟ್ಟು ಎಷ್ಟು ಸರಿದಿವೆಯೋ ಅಷ್ಟೇ ಸರಿದಿರಬೇಕು. ನನ್ನ ಬಾಟಲಿಗಳನ್ನೆಲ್ಲ ಮೇಜಿನ ಮೇಲೆ ಸುರುವಿ, ಒಂದೊಂದನ್ನೇ ಮೀಟರಿಗೆ ಹಿಡಿದು, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿದೆ. ಬೇರೊಂದು ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಸಾಕೆಟ್ಟಿಗೆ ಹಾಕಿ ವೋಲ್ಟೇಜು ಹೊಂದಿಸಿದೆ. ಜರ್ಮೇನಿಯಂ ಬಲು ನಾಜೂಕು. ಮುಂಜಾನೆ ಒಂದು ಅಳತೆ, ಬಿಸಿಲೇರಿದರೆ ಇನ್ನೊಂದು.

ಸುನೀತಿಬಾಯಿ ದಿನಬಿಟ್ಟು ದಿನ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು.

"ಇನ್ನೂ ಎಷ್ಟು ದಿನಾರಿ? ಅಂವ ಇಡೀ ಡಬ್ಬಿ ಒಂದು ರವಿವಾರದಾಗ ಕಟ್ಟಿದ್ದ."

"ಅವರು ಹೆಂಗ ಬೇಕೋ ಹಂಗ ಕಟ್ಟಿದ್ರು ಬಾಯಾರ. ನಾ ಅವರು ಕಟ್ಟಿದಂಗ ಕಟ್ಟಬೇಕಲ್ರಿ."

ಅದಕ್ಕೆ ನಕ್ಕರು. ಮೂವತ್ತು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಮಂದಿಯ ದನಿಗಳನ್ನೆಲ್ಲ ಒಂದಕ್ಕೊಂದು ಜೋಡಿಸಿಕೊಟ್ಟೆ, ನನಗಂತ ಒಂದು ಕಾಲ್ ಬರಲಿಲ್ಲ ಎಂದು ಒಂದು ದಿನ ತಮಾಷೆಗೆಂಬಂತೆ ಅಂದರು. ತಮಾಷೆಯಾಗಿರಲಿಲ್ಲ. ಆ ಹಾಡು ಕೇಳಬೇಕೆಂಬ ಹುಚ್ಚು ಆ ಹೊತ್ತಿಗೆ ನನಗೂ ಹತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಮಾತು. "ಆ ಬಾಯಾರ ಗಂಡನ ಹಾಡು ನಿಮಗ್ಯಾಕ ಅಷ್ಟು ಕಾಡ್ತೈತ್ರಿ? ನನಗಂತ ಒಂದು ಸೀಟಿನಾರ ಹೊಡದೀರೇನು?" ಎಂದು ನನ್ನ ಹೆಂಡತಿ ನೀಲವ್ವ ರೊಟ್ಟಿ ಬಡಿಯುತ್ತಲೇ ಚುಚ್ಚಿದಳು. ಪಲ್ಯ ಚೆನ್ನಾಗಿದೆ ಅಂದೆ.

ಡಬ್ಬಿ ಸಿದ್ಧವಾದ ಮೇಲೆ, ಸುನೀತಿಬಾಯಿ ರವಿವಾರ ಚರ್ಚು ಮುಗಿಸಿ, ಡಾಕ್ಟರ್ ರೆಕಾರ್ಡರ್ ಹಿಡಿದು ಅಂಗಡಿಗೆ ಬರುವುದೆಂದು ನಿಗದಿಯಾಯಿತು. ಶನಿವಾರ ಮುಂಜಾನೆ ಒಂಬತ್ತಕ್ಕೆ ನಾನು ಸತ್ಯಮಿತ್ರನ ಟ್ರಾನ್ಸಿಸ್ಟರನ್ನು ಸಾಕೆಟ್ಟಿನಲ್ಲಿ ಕೂಡಿಸಿದೆ. ಬ್ಯಾಟರಿ ಸಿಕ್ಕಿಸಿದೆ. ಹಳೇ ಮಾದರಿಯ ಈ ಡಬ್ಬಿಗಳಿಗೆ ಕರೆಂಟಿನ ಸ್ವಿಚ್ ಇರುವುದಿಲ್ಲ, ಗಿಟಾರಿನ ವೈರನ್ನು ಜಾಕಿನಲ್ಲಿ ಚುಚ್ಚಿದಾಗ ಮಾತ್ರ ಬ್ಯಾಟರಿ ಜೋಡಣೆಯಾಗುತ್ತದೆ. ವೈರು ಚುಚ್ಚದಿದ್ದರೆ ಹೆದರಿಕೆಯಿಲ್ಲ. ಹಿಂದಿನ ಮುಚ್ಚಳ ಹಾಕಿ ನಾಲ್ಕು ಸ್ಕ್ರೂ ಬಿಗಿದೆ. ಬಟ್ಟೆಯಿಂದ ಒರೆಸಿದೆ. ಆಹಾ, ಎಂಥ ಚಂದ ಆಗಿತ್ತು!

ಮೂವತ್ತೆಂಟು ವರ್ಷದಲ್ಲಿ ಒಮ್ಮೆ ಹಚ್ಚಿ ನೋಡದ ಸೆಟ್ಟು ನನ್ನ ಅಂಗಡಿಯ ಹೊಸ್ತಿಲು ದಾಟಿಲ್ಲ. ಸ್ಕ್ರೂ ಬಿಗಿ, ಒರೆಸು, ವೈರು ಚುಚ್ಚು, ಕೇಳು. ಹೀಗೇ ನನಗೆ ಗುರುಗಳು ಕಲಿಸಿದ್ದು, ಹೀಗೇ ನಾನು ಹತ್ತು ಮಂದಿಗೆ ಕಲಿಸಿದ್ದು. ತಲೆ ಬೇರೆಲ್ಲೋ ಇತ್ತು. ಕೈ ತನ್ನ ಕೆಲಸ ಮಾಡಿತು. ಎರಡೂ ಕಡೆ ವೈರು ಚುಚ್ಚಿ, ಮೇಜಿನ ಮೇಲಿನ ಆಂಪ್ಲಿಫೈಯರಿನ ವಾಲ್ಯೂಮ್ ತಿರುಗಿಸಿ, ಡಬ್ಬಿಯನ್ನು ಅಂಗೈಯಿಂದ ಒತ್ತಿದೆ.

ಸುಯ್ಯೆಂದಿತು. ಆ ಸುಯ್ಯಿನ ಅಡಿಯಿಂದ ಗಿಟಾರು ಎದ್ದು ಬಂತು.

ಅಯ್ಯೋ ಶಿವನೇ! ವೈರು ಕೀಳುವಂತಿಲ್ಲ, ಕಿತ್ತರೆ ಉಳಿದದ್ದೂ ಹಾಳು. ಫೋನಿನಲ್ಲಾದರೂ ಹಿಡಿದುಕೊಳ್ಳೋಣವೆಂದರೆ ಫೋನು ಮನೆಯಲ್ಲಿ. ಆಂಪ್ಲಿಫೈಯರಿನೊಳಗೆ ಅದರ ಟಿರ್ ಟಿರ್ ಸೇರುತ್ತದೆಂದು ನಾನು ಅಂಗಡಿಗೆ ಫೋನೇ ತರುವುದಿಲ್ಲ, ತಂದ ಗಿರಾಕಿಗಳನ್ನೂ ಬೈದು ಹೊರಗೆ ನಿಲ್ಲಿಸುತ್ತೇನೆ. ಪಕ್ಕದ ಸ್ಟವ್ ರಿಪೇರಿಯವನನ್ನು ಕೂಗಲು ಬಾಗಿಲಿಗೆ ಓಡಿದೆ, ಅವನ ಅಂಗಡಿಗೆ ಬೀಗ. ವಾಪಸು ಓಡಿ ಬಂದೆ. ಇನ್ನು ಉಳಿದದ್ದು ನನ್ನ ಎರಡು ಕಿವಿ. ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ ಕೇಳತೊಡಗಿದೆ.

ಬೆಚ್ಚನೆಯ, ದುಂಡನೆಯ ನಾದ. ನಾಲ್ಕು ಕಾರ್ಡು, ಅಂದರೆ ಹಲವು ತಂತಿ ಒಟ್ಟಿಗೆ ನುಡಿಯುವ ಸ್ವರಗುಚ್ಛ, ಒಂದಾದ ಮೇಲೊಂದು, ಅವಸರವಿಲ್ಲದೆ. ಆಮೇಲೆ ಫಕ್ಕನೆ ನಿಂತಿತು. ಬರೀ ಸುಯ್ಯ್. ಬೆಸುಗೆ ಬಿಟ್ಟಿತು ಅಂದುಕೊಂಡೆ. ರಿಪೇರಿಯವನಿಗೆ ನಡುವೆ ದನಿ ನಿಂತರೆ ಬೇರೇನು ಹೊಳೆಯುತ್ತದೆ? ಸ್ಕ್ರೂಡ್ರೈವರಿನ ಹಿಡಿಯಿಂದ ಡಬ್ಬಿಯ ಬೆನ್ನಿಗೆ ಟಕ್ ಟಕ್ ಎಂದು ಬಡಿದೆ. ಗಿಟಾರು ಬಂತು. ನನ್ನ ಏಟಿಗೇ ಬಂತೆಂದು ತಿಳಿದೆ. ಮತ್ತೆ ನಾಲ್ಕು ಕಾರ್ಡು, ಮತ್ತೆ ನಿಂತಿತು, ಮತ್ತೆ ಬಡಿದೆ. ಇಡೀ ಹಾಡು ಹೀಗೇ ನಡೆಯಿತು, ಕೊನೆ ಮುಟ್ಟಿ ಇನ್ನೊಮ್ಮೆ ಮೊದಲಿಂದ ಶುರುವಾಯಿತು. ಎಷ್ಟು ಸಲ ಬಡಿದೆನೋ ದೇವರಿಗೇ ಗೊತ್ತು. ಒಂದು ಕೊನೆಯ ಕಾರ್ಡು ಉದ್ದಕ್ಕೆ ಅನುರಣಿಸಿ ಸುಯ್ಯಿನಲ್ಲಿ ಕರಗಿತು. ಅಲ್ಲಿಗೆ ಮುಗಿಯಿತು. ಗಡಿಯಾರ ನೋಡಿದೆ, ಹನ್ನೊಂದು ನಿಮಿಷ.

ಅಂಗಡಿ ಮುಚ್ಚಿ ಮನೆಗೆ ಹೋಗಿ ನೀಲವ್ವನ ಮುಂದೆ ಕುಸಿದು ಕೂತೆ. ಎಲ್ಲ ಕೇಳಿ ಅವಳು ಸೆರಗು ಬಾಯಿಗೆ ಹಿಡಿದಳು.

"ಹೇಳಬ್ಯಾಡ್ರಿ. ನಾಳೆ ಹಚ್ಚಿದ್ರ ಏನೂ ಬರೂದಿಲ್ಲ. ಮಾಲು ಸತ್ತಿತ್ತು ಅಂದು ಬಿಡ್ರಿ. ಅವರಿಗೂ ದುಃಖ ಕಡಿಮಿ, ನಿಮಗೂ ಮಾನ ಉಳಿತೈತಿ."

ನಿಜ ಹೇಳಬೇಕೆಂದರೆ, ಹಾಗೇ ಮಾಡೋಣವೆಂದು ನಿರ್ಧರಿಸಿಯೇ ಊಟಕ್ಕೆ ಕೂತೆ. ಮೊದಲ ತುತ್ತು ಬಾಯಿಗಿಟ್ಟಾಗ ಆ ನಾಲ್ಕು ಕಾರ್ಡು ಕಿವಿಯಲ್ಲಿ ಎದ್ದವು. ಈ ಭೂಮಿಯ ಮೇಲೆ ಆ ಹಾಡು ಈಗ ಇರುವುದು ನನ್ನ ತಲೆಯೊಳಗೆ ಮಾತ್ರ, ಅದೂ ಸಂಗೀತದ ಗಂಧವಿಲ್ಲದ ತಲೆ, ನಾಳೆ ಮುಂಜಾನೆಗೆ ಅರ್ಧ ಮರೆತುಹೋಗುತ್ತದೆ. ತಾಟು ಸರಿಸಿ ಎದ್ದೆ. ಆಟೋ ಹಿಡಿದು ಕೇಶ್ವಾಪುರಕ್ಕೆ ಹೋದೆ.

ಸುನೀತಿಬಾಯಿ ಮರುದಿನಕ್ಕೆಂದು ಇಸ್ತ್ರಿ ಮಾಡಿದ ಸೀರೆಯನ್ನು ಮಡಚುತ್ತಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ, ಒಂದಕ್ಷರ ಮುಚ್ಚಿಡಲಿಲ್ಲ. ಆಕೆ ಸೀರೆಯನ್ನು ಪೂರ್ತಿ ಮಡಚಿ, ಕಪಾಟಿನಲ್ಲಿಟ್ಟು, ಬಾಗಿಲು ಹಾಕಿ ತಿರುಗಿದರು.

"ನೀವು ಕೇಳಿದ್ರಿ."

"ಹೌದ್ರಿ."

"ನಲವತ್ತೈದು ವರ್ಷ ನಾ ಕಾದೀನಿ, ನೀವು ಕೇಳಿದ್ರಿ! ಅಲ್ರಿ, ನಿಮ್ಮ ಕೈ ಕಡೀಬೇಕು! ಗ್ಯಾರಂಟಿಯಂತ ಗ್ಯಾರಂಟಿ! ಯಾವ ಬಾಯಿಲೆ ಬಂದು ಹೇಳಾಕ ಹತ್ತೀರಿ?"

ಬೈದರು, ಅತ್ತರು, ಮತ್ತೆ ಬೈದರು. ನಾನು ಚಪ್ಪಲಿ ಬಿಟ್ಟ ಜಾಗದಲ್ಲೇ ತಲೆ ತಗ್ಗಿಸಿ ನಿಂತಿದ್ದೆ. ನನಗೂ ಅಳು ಬಂತು. ಕೊನೆಗೆ ಆಕೆ ಮೂಗು ಒರೆಸಿಕೊಂಡು, ಕುರ್ಚಿ ತೋರಿಸಿ, "ಹೂಂ, ಕುಂದರ್ರಿ. ಹಾಡ್ರಿ," ಅಂದರು.

"ಬಾಯಾರ, ನಂದು ಎಮ್ಮಿ ದನಿರಿ."

"ಎಮ್ಮಿನಾರ ಆಗ್ರಿ, ಎತ್ತನಾರ ಆಗ್ರಿ. ಮರೆಯೂದ್ರಾಗ ಹಾಡ್ರಿ!"

ಹಾಡಲು ಬರಲಿಲ್ಲ. ಆದರೆ ಒಂದು ಉಪಾಯ ಹೊಳೆಯಿತು. ರಿಪೇರಿಯವನಿಗೆ ಕರೆಂಟಿನ ಗುಂಯ್ ಸದ್ದೇ ತಾಯಿ ಶ್ರುತಿ, ಅದು ಎಷ್ಟೊತ್ತಿಗೆ ಕೇಳಿದರೂ ಅಷ್ಟೇ ಇರುತ್ತದೆ, ನನ್ನ ಕಿವಿಯಲ್ಲಿ ಅಚ್ಚೊತ್ತಿಬಿಟ್ಟಿದೆ. ಆಕೆ ಹಾರ್ಮೋನಿಯಂ ತೆಗೆದರು. ನಾನು ಗುಂಯ್ ಎಂದೆ, ಆಕೆ ಅದರ ಮನೆ ಹುಡುಕಿ ಒತ್ತಿದರು. "ಮೊದಲನೇದು ಇದಕ್ಕಿಂತ ಮ್ಯಾಲ್ರಿ. ಇನ್ನೂ ತುಸು. ಅಲ್ಲ, ಅಷ್ಟ ಅಲ್ಲ. ಹಾಂ, ಅಲ್ಲೇ!" ಹೀಗೆ ಮಧ್ಯಾಹ್ನವೆಲ್ಲ ಹಿಡಿದು ಒಂದು, ಎರಡು, ಮೂರು, ನಾಲ್ಕು ಕಾರ್ಡುಗಳೂ ಸಿಕ್ಕವು. ಸಿಕ್ಕ ಮನೆಗಳ ಮೇಲೆ ನನ್ನ ಜೇಬಿನಲ್ಲಿದ್ದ ಟೇಪಿನ ಚೂರುಗಳನ್ನು ಅಂಟಿಸಿದೆ.

"ಆಮ್ಯಾಲೆ?"

"ಆಮ್ಯಾಲೆ ನಿಂತು ಬಿಡ್ತಿತ್ರಿ. ನನ್ನ ಬೆಸಗಿದ ತಪ್ಪು. ಬಡದ ಮ್ಯಾಲೆ ಮತ್ತ ಬರ್ತಿತ್ತು."

"ಬಡದ್ರೇನು?" ಎಂದು ಮತ್ತೆ ಕೆರಳಿದರು. ಆಮೇಲೆ ಏನೋ ಹೊಳೆದವರಂತೆ ಕೇಳಿದರು, "ಎಷ್ಟು ಹೊತ್ತು ನಿಲ್ತಿತ್ತು?"

"ನಾಲ್ಕು ಕಾರ್ಡು ಎಷ್ಟು ಹೊತ್ತೋ ಅಷ್ಟ ಹೊತ್ರಿ."

"ಪ್ರತಿ ಸಲಾನೂ?"

ನಾನು ನೆನೆಸಿಕೊಂಡೆ. ಪ್ರತಿ ಸಲವೂ. ಒಂದು ಸಲ ಸ್ಕ್ರೂಡ್ರೈವರು ಕೈಜಾರಿ ಕೆಳಗೆ ಬಿದ್ದಿತ್ತು, ನಾನು ಬಡಿದೇ ಇರಲಿಲ್ಲ. ಆಗಲೂ ಅದು ಅಷ್ಟೇ ಹೊತ್ತು ನಿಂತು, ತಾನಾಗಿಯೇ ಬಂದಿತ್ತು. ಬೆಸುಗೆ ಬಿಟ್ಟರೆ ಹೀಗೆ ಅಳೆದು ತೂಗಿ ಬಿಡುವುದಿಲ್ಲ. ಇಷ್ಟು ವರ್ಷ ಈ ಕಸುಬು ಮಾಡಿಯೂ ಅದು ನನಗೆ ತಿಳಿಯಲಿಲ್ಲ.

"ಬಡಿಗೇರ," ಅಂದರು ಸುನೀತಿಬಾಯಿ, ಬಹಳ ಮೆತ್ತಗೆ. "ಸ್ಟೇಜಿನ ಮ್ಯಾಲೆ ನಾ ಬಾಯಿ ತೆಗೆದ್ರ ಅಂವ ತಂತಿ ಮ್ಯಾಲೆ ಅಂಗೈ ಇಟ್ಟು ಗಿಟಾರ್ ಬಂದ್ ಮಾಡ್ತಿದ್ದ. ಉಳಿದವರು ಬೈತಿದ್ರು, ಹಾಡಿಗೆ ಜೋಡಿ ಬಾರಿಸೋ ಅಂತ. ಆಕಿ ಹಾಡೂವಾಗ ನಾ ಕೇಳಬೇಕೋ ಬಾರಿಸಬೇಕೋ ಅಂತಿದ್ದ. ಅದು ಬೆಸಗಿ ಬಿಟ್ಟಿದ್ದಲ್ರಿ. ಅಲ್ಲಿ ನಾ ಹಾಡಬೇಕಾಗಿತ್ತು."

ಹೊರಗೆ ತರಕಾರಿ ಗಾಡಿಯವನು ಮೆಂತ್ಯದ ಸೊಪ್ಪು ಕೂಗಿಕೊಂಡು ಹೋದ.

"ಏನ ಹಾಡಬೇಕಂತ ಹೇಳದನ ಹೋದ್ನಲ್ರಿ," ಅಂದರು. "ಜಾಗಾ ಬಿಟ್ಟು ಕುಂತಾನ. ಪದಾ ಇಲ್ಲ, ರಾಗ ಇಲ್ಲ. ಯಾರನ್ನ ಕೇಳ್ಲಿ ನಾನು?"

ಆಮೇಲೆ ಹಾರ್ಮೋನಿಯಂ ನನ್ನ ಕಡೆ ತಿರುಗಿಸಿದರು. ಟೇಪು ಹಚ್ಚಿದಲ್ಲಿ ಒತ್ತಲು ಹೇಳಿದರು. ಬೆಸುಗೆಯಿಂದ ಸುಟ್ಟು ದಪ್ಪಗಾದ ನನ್ನ ಬೆರಳುಗಳಿಂದ ನಾಲ್ಕೂ ಕಾರ್ಡು ಒತ್ತಿ ಕೈ ಎತ್ತಿದೆ. ಆಕೆ ಬಾಯಿ ತೆರೆದರು, ದನಿ ಹೊರಡಲಿಲ್ಲ. ಹೊತ್ತು ಮೀರಿತು. ಮತ್ತೆ ಒತ್ತಿದೆ. ಮತ್ತೆ ಬಾಯಿ ತೆರೆದರು, ಮುಚ್ಚಿದರು. ಮೂರನೇ ಸಲ ಕೈ ಎತ್ತಿದಾಗ ದನಿ ಬಂತು. ಮುದಿ ದನಿ, ನಡುವೆ ಒಡೆದ ದನಿ. ಪದವಿರಲಿಲ್ಲ, ಬರೀ ‘ಆ’ ಎಂಬ ಆಲಾಪ. ಏರುತ್ತ ಹೋಗಿ, ಮೇಲೆ ಒಂದು ಕಡೆ ನಡುಗಿ, ಹುಡುಕಿಕೊಂಡು ಹುಡುಕಿಕೊಂಡು ಕೆಳಗಿಳಿದು ಬಂತು. ನಾಲ್ಕು ಕಾರ್ಡಿನಷ್ಟೇ ಉದ್ದ. ಸರಿಯಾಗಿ ಅಷ್ಟೇ.

ಈಗ ನಾನು ಒತ್ತಬೇಕಿತ್ತು. ಕೇಳುತ್ತ ಕೂತು ಮರೆತುಬಿಟ್ಟೆ. ಸುನೀತಿಬಾಯಿ ಕಣ್ಣು ಮುಚ್ಚಿಯೇ ಇದ್ದರು, ನಾನು ಅಲ್ಲಿರುವುದು ಅವರಿಗೆ ನೆನಪಿರಲಿಲ್ಲ ಎಂದು ಕಾಣುತ್ತದೆ.

"ಬಾರಿಸೋ ಮಾರಾಯಾ," ಅಂದರು. "ನಂದು ಮುಗೀತು."

ನಾನು ಒತ್ತಿದೆ.